ಸೈಕಲ್ಲಿಗೆ ಕೀಲೆಣ್ಣೆ ಹಾಕಿದ ದಿನ

ಆಗ ನನಗೆ ಇಪ್ಪತ್ತು. ಅದಾಗಿ ಐವತ್ತೆರಡು ವರ್ಷ ಆಯಿತು. ಗಂಡ ತೀರಿಕೊಂಡ ಎರಡನೆಯ ವರ್ಷ ಅದು, ಹೀಗಾಗಿ ಲೆಕ್ಕ ತಪ್ಪುವುದಿಲ್ಲ. ನಾನು ಸಾಲಿಗೆ ಹೋದವಳಲ್ಲ. ಈ ನಾಲ್ಕು ಅಕ್ಷರ ಕಲಿಸಿದ ಮಾಸ್ತರರು ಮುಂದೆ ಇದರಲ್ಲೇ ಬರುತ್ತಾರೆ. ತಪ್ಪು ಬಿದ್ದಲ್ಲಿ ಓದುವವರು ತಿದ್ದಿಕೊಳ್ಳಲಿ.

ನಮ್ಮದು ಬೈಲಹೊಂಗಲದ ಕಂಬಾರರ ಮನೆ. ಪೇಟೆಗೆ ಹೋಗುವ ದಾರಿಯ ಮೇಲೇ ಕುಲುಮೆ. ಮಾವ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುವುದರಲ್ಲಿ ಹೆಸರಾದವನು. ಅವನು ಕಟ್ಟಿದ ಪಟ್ಟಿ ಸಡಿಲಾಗಿ ಮರಳಿ ಬಂದದ್ದನ್ನು ನಾನು ನೋಡಿಲ್ಲ. ಒಂದು ದಿನ ಊರಿನ ವಕೀಲರು ತಮ್ಮ ಸೈಕಲ್ಲನ್ನು ಆಳಿನ ಕೈಲಿ ಹೊರಿಸಿಕೊಂಡು ಬಂದರು. ಮುಂದಿನ ಗಾಲಿ ಕಟಕಟ ಅನ್ನುತ್ತಿತ್ತು. ಮಾವ ಅದರ ನಡುವಿನ ಹಬ್ಬು ಬಿಚ್ಚಿದ. ಒಳಗಿನಿಂದ ಉಕ್ಕಿನ ಸಣ್ಣ ಗುಂಡುಗಳು ಉದುರಿ ಕುಲುಮೆಯ ಬೂದಿಯಲ್ಲಿ ಬಿದ್ದವು. ಅವನ ಬೆರಳು ಎತ್ತಿನ ಕೋಡಿನಷ್ಟು ದಪ್ಪ, ಒಂದೂ ಹಿಡಿಯಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಕೂಗಿದ.

"ಏ ಯವ್ವಾ, ಜ್ವಾಳದಾಗಿನ ಹಳ್ಳು ಆರಸ್ತೀಯಲ್ಲ, ಹಂಗ ಇವನ್ನ ಆರಿಸಿ ಕೊಡು ಬಾ."

ಆರಿಸಿದೆ. ಇಪ್ಪತ್ತು ಗುಂಡು. ಒಂದು ಬದಿಗೆ ಹತ್ತು, ಇನ್ನೊಂದು ಬದಿಗೆ ಹತ್ತು. ಕೂಡಿಸುವುದಕ್ಕೂ ಅವನಿಗೆ ಬರಲಿಲ್ಲ, ನಾನೇ ಕೂಡಿಸಿದೆ. ಅಲ್ಲಿಂದ ಸೈಕಲ್ಲಿನ ಕೆಲಸ ಬಂದಾಗಲೆಲ್ಲ ನನ್ನನ್ನೇ ಕರೆದ. ಗೋಡೆಯ ಹಿಂದೆ, ಹಿತ್ತಲ ಕಡೆ ಕುಳಿತು ಮಾಡುತ್ತಿದ್ದೆ. ಮುಂದೆ ಮಾವ ನಿಂತು ಗಿರಾಕಿಯ ಜೊತೆ ಮಾತಾಡುತ್ತಿದ್ದ. ಗಂಡ ಸತ್ತವಳು ಕುಲುಮೆಯ ಮುಂದೆ ಕೂರುವುದು ಕಂಬಾರರಲ್ಲಿ ಇಲ್ಲ. ಹತ್ಯಾರ ಮುಟ್ಟುವುದೂ ಇಲ್ಲ. ಮುಟ್ಟುತ್ತೇನೆಂದು ಊರಿಗೆ ಗೊತ್ತಿತ್ತು, ಕಂಡಿರಲಿಲ್ಲ ಅಷ್ಟೇ.

ಕೆಲಸ ಹೀಗೆ. ಹಿತ್ತಾಳೆಯ ಪರಾತ ಕೆಳಗಿಟ್ಟು ಅದರ ಮೇಲೆ ಗಾಲಿ ಬಿಚ್ಚಬೇಕು. ಪರಾತಕ್ಕೆ ಅಂಚು ಇರುವುದರಿಂದ ಗುಂಡು ಓಡಿಹೋಗುವುದಿಲ್ಲ. ಗುಂಡನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಹಳೆ ಧೋತರದ ಅರಿವೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಬೇಕು. ಚುಕ್ಕೆ ಬಿದ್ದದ್ದು ಬಿಡಬೇಕು. ಕೂಡಿಸಿ ಎರಡೂ ಬದಿ ಪಾನಾ ಹಾಕಿ ತಿರುವುವಾಗ ಪೂರಾ ಬಿಗಿ ಮಾಡಬಾರದು. ಗಾಲಿ ಅಲುಗಬಾರದು, ಆದರೆ ಗಾಳಿ ಊದಿದರೆ ತಿರುಗಬೇಕು. ಕೊನೆಗೆ ಹಬ್ಬಿನ ಮೇಲಿನ ತೂತಿಗೆ ತೆಳ್ಳನೆಯ ಎಣ್ಣೆ ನಾಲ್ಕು ಹನಿ. ಆ ಎಣ್ಣೆಯ ಬುಡ್ಡಿ ಮುಂಬಯಿಯಿಂದ ಬರುತ್ತಿತ್ತು. ನೀರಿನಷ್ಟು ತೆಳುವಾದ ಎಣ್ಣೆ, ವಾಸನೆಯೇ ಇಲ್ಲ. ಮಾವ ಅದನ್ನು ಬೆರಳಿಗೆ ಹಚ್ಚಿಕೊಂಡು ನಗುತ್ತಿದ್ದ. "ಇದೇನ ಎಣ್ಣಿನೋ, ಯಾವನರೆ ಅತ್ತದ್ದೋ?"

ಈಗ ಕ್ಲಬ್ಬಿನ ಸುದ್ದಿ. ಇಡೀ ದೇಶಕ್ಕೊಂದು ಸೈಕಲ್ ಕ್ಲಬ್ಬು, ಅದರ ಕಚೇರಿ ಮುಂಬಯಿಯಲ್ಲಿ. ಮೊದಮೊದಲು ಸಂಜೆ ಹವಾ ತಿನ್ನುವುದಕ್ಕೆ ಹೋಗುವ ದೊಡ್ಡವರದೇ ಅದು. ನಮ್ಮ ಕಡೆ ಅದರ ನಾಲ್ಕು ಗುಂಪು ಇದ್ದವು. ಕಿತ್ತೂರಿನವರು ಕೋಟೆ ಸುತ್ತು ಹಾಕಿ ಅವಲಕ್ಕಿ ತಿಂದು ಮನೆಗೆ ಹೋಗುವವರು. ಸವದತ್ತಿಯವರಿಗೆ ಗುಡ್ಡದ ಇಳಿಜಾರಿನಲ್ಲಿ ಬಿಟ್ಟುಕೊಂಡು ಬರುವ ಹುಚ್ಚು. ರಾಮದುರ್ಗದವರು ಸಂಸ್ಥಾನದ ಜನ, ರುಮಾಲು ಸಡಿಲಾಗದ ಹಾಗೆ ತುಳಿಯುವವರು. ಬೈಲಹೊಂಗಲದಲ್ಲಿ ಆರು ಸೈಕಲ್ಲು, ವಕೀಲರೇ ಮುಖಂಡರು. ಯಾರ ನಿಯಮ ಅವರದು. ಒಂದು ಗುಂಪಿನವರಿಗೆ ಇನ್ನೊಂದರ ಮುಖ ಪರಿಚಯವೂ ಇರಲಿಲ್ಲ.

ಆ ವರ್ಷ ಸಂಕ್ರಾಂತಿ ಆದ ಮೇಲೆ ಮುಂಬಯಿಯಿಂದ ಕಾಗದ ಬಂತು. ಬರೀ ಹವಾ ತಿನ್ನುವ ಗುಂಪುಗಳು ಇನ್ನು ಬೇಡವಂತೆ. ನಾಲ್ಕೂ ಊರಿನವರು ಕೂಡಿ ಒಂದು ಲಕೋಟೆಯನ್ನು ಕಿತ್ತೂರಿನಿಂದ ರಾಮದುರ್ಗಕ್ಕೆ ಒಂದೇ ಹಗಲಿನಲ್ಲಿ, ಹೊತ್ತು ಮುಳುಗುವುದರೊಳಗೆ, ಕೈಯಿಂದ ಕೈಗೆ ಮುಟ್ಟಿಸಬೇಕು. ಮುಟ್ಟಿಸಿದರೆ ನಾಲ್ಕು ಗುಂಪಿನ ಹೆಸರೂ ಉಳಿಯುತ್ತವೆ. ಇಲ್ಲದಿದ್ದರೆ ಅಳಿಸಿ ಬೆಳಗಾವಿಯ ಗುಂಪಿನ ಬಾಲಕ್ಕೆ ಕಟ್ಟುತ್ತಾರೆ. ತಪಾಸಣೆಯವನೊಬ್ಬ ದಾರಿಯುದ್ದಕ್ಕೂ ಜೊತೆಗೆ ತುಳಿಯುತ್ತಾನೆ. ಸೈಕಲ್ ರಿಪೇರಿಗೆ ಜವಾಬ್ದಾರ ಯಾರೆಂದು ಹೆಸರು ಬರೆದು ಕಳಿಸಬೇಕು. ವಕೀಲರು ಮಾವನ ಹೆಸರು ಬರೆದರು.

ನಮ್ಮ ದೈವದ, ಅಂದರೆ ಕುಲದ ಪಂಚಾಯತಿಯ, ಹಿರಿಯರ ಕಿವಿಗೂ ಈ ಸುದ್ದಿ ಬಿತ್ತು. ಅವರಲ್ಲಿ ದೊಡ್ಡವನೊಬ್ಬ ಬಂದು ಕಟ್ಟೆಯ ಮೇಲೆ ಕುಳಿತು, ನನಗೆ ಕೇಳುವ ಹಾಗೆ ಮಾವನಿಗೆ ಹೇಳಿದ.

"ನಿನ್ನ ಸೊಸಿ ಕೈ ಹಚ್ಚತಾಳ ಅಂತ ಗೊತ್ತೈತಿ. ಕಣ್ಣ ಮುಚ್ಚಿಕೊಂಡ ಕುಂತೇವಿ. ಈ ಕೆಲಸದಾಗ ಒಂದ ಹೆಚ್ಚು ಕಡಿಮಿ ಆತಂದ್ರ, ಮರದಿನಾನ ಆಕಿನ್ನ ಅಣ್ಣನ ಮನಿಗೆ ಅಟ್ಟಬೇಕು. ಹೂಂ ಅನ್ನು."

ಮಾವ ಹೂಂ ಅಂದ.

ಅಣ್ಣನ ಮನೆ ಕಿತ್ತೂರಿನ ಹತ್ತಿರ ದೇಗಾಂವದಲ್ಲಿ. ಗಂಡ ಸತ್ತ ಹೊಸದರಲ್ಲಿ ಅಲ್ಲಿ ಮೂರು ತಿಂಗಳು ಇದ್ದೆ. ಅತ್ತಿಗೆ ನನ್ನ ಎದುರಿಗೆ ಕೂಸನ್ನು ತೊಟ್ಟಿಲಿಗೆ ಹಾಕುತ್ತಿರಲಿಲ್ಲ. ಮುಂಜಾನೆ ಎದ್ದು ನಾನು ಎದುರಿಗೆ ಬಂದರೆ ಅಣ್ಣ ಮತ್ತೆ ಒಳಗೆ ಹೋಗಿ ಕುಳಿತು ನೀರು ಕುಡಿದು ಹೊರಬೀಳುತ್ತಿದ್ದ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ನಾನು ಅಲ್ಲಿಗೆ ಹೋಗುವುದಿಲ್ಲ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ. ಹೋಗಬಾರದೆಂದರೆ ಆ ಆರು ಸೈಕಲ್ಲಿನ ಹನ್ನೆರಡು ಗಾಲಿ ನೆಟ್ಟಗೆ ತಿರುಗಬೇಕು.

ಎಂಟು ದಿನ ಕುಳಿತೆ. ಹನ್ನೆರಡೂ ಹಬ್ಬು ಬಿಚ್ಚಿ ತೊಳೆದು ಕೂಡಿಸಿದೆ. ಮುರಿದ ಕಡ್ಡಿ ಬದಲಿಸಿದೆ. ಟ್ಯೂಬುಗಳನ್ನು ನೀರಿನ ಬಾನಿಯಲ್ಲಿ ಅದ್ದಿ ಗುಳ್ಳೆ ಬಂದಲ್ಲಿ ತೇಪೆ ಹಚ್ಚಿದೆ. ದಾರಿಯ ತುಂಬ ಜಾಲಿಮುಳ್ಳು, ತೇಪೆಗೆ ಕೊನೆಯೇ ಇರಲಿಲ್ಲ. ಹಿಂದಿನ ದಿನ ಹೊತ್ತು ಇಳಿಯುವುದರೊಳಗೆ ಆರೂ ಸೈಕಲ್ಲನ್ನು ಗೋಡೆಗೆ ಒರಗಿಸಿ, ಒಂದೊಂದೇ ಗಾಲಿ ಎತ್ತಿ ಊದಿ ನೋಡಿದೆ. ಎಲ್ಲವೂ ತಿರುಗಿದವು. ನಾನು ಹಿತ್ತಲಿಗೆ ಹೋದೆ.

ಮರುದಿನ ಹೊತ್ತು ಮಾರುದ್ದ ಏರಿರಬೇಕು, ಕಿತ್ತೂರಿನ ಇಬ್ಬರು ಧೂಳಿನಲ್ಲಿ ಮುಳುಗಿ ಬಂದರು. ಅವರ ಜೊತೆ ಮುಂಬಯಿಯ ತಪಾಸಣೆಯವನು. ಕೆಂಪು ಮುಖ, ಕೊರಳಿಗೆ ಗಡಿಯಾರ. ಇಲ್ಲಿಂದ ಸವದತ್ತಿಯ ತನಕ ನಮ್ಮ ಊರಿನ ಸೈಕಲ್ಲು. ಒಂದರ ಮೇಲೆ ವಕೀಲರು, ಒಂದರ ಮೇಲೆ ಕನ್ನಡ ಸಾಲಿಯ ಮಾಸ್ತರರು, ಮೂರನೆಯದರ ಮೇಲೆ ತಪಾಸಣೆಯವನು. ಪೇಟೆಯ ಜನ ಎಲ್ಲ ನಿಂತು ಕೂಗಿತು. ನಾನು ಬಾಗಿಲ ಸಂದಿಯಿಂದ ನೋಡಿದೆ. ಸೈಕಲ್ಲುಗಳಿಗೆ ಕುಂಕುಮ ಹಚ್ಚಿತ್ತು, ಕಾಯಿ ಒಡೆದಿತ್ತು. ಮಾವ ನಸುಕಿನಲ್ಲಿ ಎದ್ದು ಪೂಜೆ ಮಾಡಿದ್ದ. ಅದರಲ್ಲಿ ವಿಶೇಷವೇನಿಲ್ಲ ಅಂದುಕೊಂಡೆ.

ವಕೀಲರು ಎರಡು ಮಾರು ಹೋಗಿ ತಿರುಗಿ ನೋಡಿ ಅಂದರು, "ಭೇಷ್ ಕಂಬಾರ! ಸಪ್ಪಳ ಇಲ್ಲ, ಬೆಣ್ಣ್ಯಾಗ ಹೋದಂಗ ಹೊಂಟೈತಿ."

ಮಾವ ಮೀಸೆ ತಿರುವಿದ.

ನನಗೆ ಅದು ಕೇಳಿ ಒಂದು ತರಹ ಆಯಿತು. ತೆಳ್ಳನೆಯ ಎಣ್ಣೆಯಲ್ಲಿ ಗುಂಡು ಓಡುವಾಗ ಕಿರಿಕಿರಿ ಅನ್ನುವ ಸಣ್ಣ ಸಪ್ಪಳ ಇದ್ದೇ ಇರುತ್ತದೆ. ಇಲ್ಲದಿದ್ದರೆ ಒಳಗೆ ಏನೋ ತುಂಬಿದೆ. ಹೊರಗೆ ಬಂದು, ಉಳಿದ ಮೂರು ಸೈಕಲ್ಲಿನಲ್ಲಿ ಒಂದರ ಗಾಲಿ ಎತ್ತಿ ಊದಿದೆ. ತಿರುಗಲಿಲ್ಲ. ಕೈಯಿಂದ ತಿರುವಿದೆ, ಅರ್ಧ ಸುತ್ತು ಹೋಗಿ ನಿಂತಿತು. ಎಣ್ಣೆ ತೂತಿನ ಮುಚ್ಚಳ ಸರಿಸಿ ಕಡ್ಡಿ ಹಾಕಿ ತೆಗೆದೆ. ಕಡ್ಡಿಯ ತುದಿಗೆ ಕಪ್ಪು ರಾಡಿ. ಮೂಸಿದೆ.

ಔಡಲೆಣ್ಣೆ, ಸುಟ್ಟ ಹುಲ್ಲಿನ ಬೂದಿ. ಕೀಲೆಣ್ಣೆ. ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ.

ಗೋಡೆಗೆ ತೂಗು ಹಾಕಿದ್ದ ಬಿದಿರಿನ ಎಣ್ಣೆಗೊಟ್ಟ ನೋಡಿದೆ. ಹಿಂದಿನ ದಿನ ತುಂಬಿತ್ತು, ಈಗ ಬರಿದು.

"ಮಾವ, ಈ ಗಾಲಿಗೆ ಏನ ಹಾಕೀರಿ?"

"ಇನ್ನೇನ ಹಾಕಲಿ? ಕೀಲೆಣ್ಣಿ. ನಸಿಕಿನ್ಯಾಗ ಎದ್ದು ಹನ್ನೆರಡೂ ಗಾಲಿಗೆ ಹಾಕೇನಿ. ತೂತ ಸಣ್ಣದು, ಹೋಗವಲ್ದಾಗಿತ್ತು. ಒಂದ ಬದಿ ಸಡ್ಲ ಮಾಡಿ ಒಳಗ ತುರುಕಿ ಗಟ್ಟ್ಯಾಗಿ ಬಿಗದೇನಿ. ನೀ ಬಿಗದಿದ್ದು ಎಲ್ಲಾ ಸಡ್ಲ ಇತ್ತಲ್ಲ ಯವ್ವಾ."

ಅವನು ತಪ್ಪು ಮಾಡುವ ಮನುಷ್ಯನಲ್ಲ. ನಮ್ಮ ಕಡೆ ದೂರದ ದಾರಿಗೆ ಗಾಡಿ ಹೊರಡುವ ಮುಂಜಾನೆ, ಮನೆಯ ಹಿರಿಯ ಸ್ನಾನ ಮಾಡಿ, ತನ್ನ ಕೈಯಾರೆ ಗಾಲಿಗೆ ಕೀಲೆಣ್ಣೆ ಹಾಕಿ, ಕೀಲು ಬಿಗಿದು ಕುಂಕುಮ ಹಚ್ಚುತ್ತಾನೆ. ಹಾಗೆ ಮಾಡದ ಗಾಡಿ ಊರ ಬಾಗಿಲು ದಾಟುವುದಿಲ್ಲ. ಅವನ ಕಣ್ಣಿಗೆ ಇವೂ ಗಾಲಿ, ಇದೂ ದೂರದ ದಾರಿ. ಮರದ ಗಾಲಿಗೆ ಅದೇ ಸರಿ. ಗುಂಡಿನ ಗಾಲಿಗೆ ಅದು ಮರಳು ತುಂಬಿದ ಹಾಗೆ. ಬೂದಿ ಉಕ್ಕನ್ನು ಅರೆಯುತ್ತದೆ, ಪಾನಾ ಹಾಕಿ ಬಿಗಿದ ಬಿಗಿ ಗುಂಡನ್ನು ಒಡೆಯುತ್ತದೆ. ಒಂದು ಹರದಾರಿ, ಎರಡು ಹರದಾರಿ ಬೆಣ್ಣೆಯ ಹಾಗೆ ಹೋಗುತ್ತದೆ. ಆಮೇಲೆ ಹಿಡಿಯುತ್ತದೆ.

"ಸವದತ್ತಿಗೆ ಹೋಗೂ ಟಪಾಲಿನ ಟಾಂಗಾ ಇನ್ನೂ ಹೊಂಟಿಲ್ಲ. ಏಳ್ರಿ ಮಾವ. ನಾ ಒಬ್ಬಾಕಿ ಹೋಗಾಕ ಬರೂದಿಲ್ಲ."

"ಏನಾಗೈತಿ ಈಗ?"

"ಗಾಲಿ ಹಿಡಿತಾವ. ಯಾವನರೆ ಸಾಯ್ತಾನ."

"ನನ್ನ ಅಪ್ಪ ಹಾಕಿದ್ದು, ಅವರಪ್ಪ ಹಾಕಿದ್ದು ಇದ ಎಣ್ಣಿ. ಯಾರ ಸತ್ತಾರ?"

ಪರಾತ, ಚಿಮಣಿ ಎಣ್ಣೆಯ ಡಬ್ಬಿ, ಎರಡು ಪಾನಾ, ಅರಿವೆ, ಮುಂಬಯಿ ಎಣ್ಣೆಯ ಬುಡ್ಡಿ ಎಲ್ಲ ಒಂದು ಗಂಟು ಕಟ್ಟಿ ಟಾಂಗಾದಲ್ಲಿ ಇಟ್ಟೆ. ಮಾವ ಬಂದು ಹತ್ತಿದ. ಟಾಂಗಾದವನು ನನ್ನನ್ನು ನೋಡಿ ಮುಖ ತಿರುವಿ ಉಗುಳಿದ. ವಿಧವೆಯನ್ನು ಕೂರಿಸಿಕೊಂಡು ದಾರಿ ಹಿಡಿಯುವುದು ಅವನಿಗೂ ಬೇಡವಾಗಿತ್ತು. ಟಪಾಲು ನಿಲ್ಲಿಸುವ ಹಾಗಿರಲಿಲ್ಲ, ಅದಕ್ಕೇ ಟಾಂಗಾ ಹೊಡೆದ.

ದಾರಿಯಲ್ಲಿ ಅವರ ಗುರುತು ಹುಡುಕುತ್ತಾ ಹೋದೆ. ಧೂಳಿನಲ್ಲಿ ಮೂರು ಸಣ್ಣ ಗೆರೆ. ಎರಡು ಹರದಾರಿಯ ಮೇಲೆ ಒಂದು ಕಡೆ ನಿಂತು ತೇಪೆ ಹಚ್ಚಿದ್ದರು, ಬೂಟಿನ ಗುರುತು ಇತ್ತು. ನಾಲ್ಕು ಹರದಾರಿಯ ಮೇಲೆ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗಿದ್ದರು. ಅಷ್ಟು ಸಣ್ಣ ಏರಿಗೆ ಇಳಿಯುವವರಲ್ಲ ಅವರು. ಮಾವನೂ ಅದನ್ನು ನೋಡಿದ.

ಸವದತ್ತಿಗಿಂತ ಈಚೆ ಮಲಪ್ರಭೆಯ ದಂಡೆ. ಬೇಸಿಗೆಯ ಹೊಳೆ, ಮೊಣಕಾಲುದ್ದ ನೀರು. ಹತ್ತಿ ತುಂಬಿದ ಗಾಡಿಗಳು ಕೊಳ್ಳು ಹರಿದು, ಎತ್ತು ಬಿಚ್ಚಿ ನಿಂತಿದ್ದವು, ಎತ್ತುಗಳು ನೀರು ಕುಡಿಯುತ್ತಿದ್ದವು. ಹೊಳೆಗೆ ಇಳಿಯುವ ಜಾಡಿನ ನಡುವೆ ಜನ ಗುಂಪು ಕಟ್ಟಿತ್ತು. ಟಾಂಗಾ ನಿಲ್ಲುವ ಮೊದಲೇ ನಾನು ಹಾರಿ ಇಳಿದೆ.

ಮಾಸ್ತರರು ಬೇವಿನ ಗಿಡಕ್ಕೆ ಬೆನ್ನು ಕೊಟ್ಟು ಕುಳಿತಿದ್ದರು. ಬಾಯಿಯಲ್ಲಿ ರಕ್ತ. ಬಲಗೈ ಎದೆಗೆ ಒತ್ತಿ ಹಿಡಿದಿದ್ದರು, ಹೆಗಲ ಎಲುಬು ಚರ್ಮದ ಕೆಳಗೆ ಗುಡ್ಡದ ಹಾಗೆ ಎದ್ದಿತ್ತು. ಇಳಿಜಾರಿನಲ್ಲಿ ಅವರ ಮುಂದಿನ ಗಾಲಿ ಹಿಡಿದು, ಸೈಕಲ್ಲಿನ ಮೇಲಿಂದ ಕಲ್ಲಿಗೆ ಹೋಗಿ ಬಿದ್ದಿದ್ದರು. ಇನ್ನು ಗೇಣು ಆಚೆ ಬಿದ್ದಿದ್ದರೆ ತಲೆ. ನಾನು ತೊಳೆದ ಗಾಲಿ ಅದು, ನಾನು ಊದಿ ನೋಡಿದ್ದು.

ವಕೀಲರು ನಮ್ಮನ್ನು ನೋಡಿದರು. ನನ್ನ ಕೈಯಲ್ಲಿದ್ದ ಗಂಟನ್ನೂ ನೋಡಿದರು.

"ಕಂಬಾರ, ಊರಾಗ ಒಂದ ಮಾತ ಇತ್ತು. ಇವತ್ತ ಖರೆ ಹೇಳು. ಈ ಗಾಲಿ ಕಟ್ಟಿದವರ್ಯಾರು?"

ನಾನು ಮಾವನ ಮುಖ ನೋಡಿದೆ. ಈಗ ಹೇಳುತ್ತಾನೆ ಅಂದುಕೊಂಡೆ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ ಅವನು.

ಮಾವ ನೆಲ ನೋಡುತ್ತ ಅಂದ, "ಆಕಿನ ರೀ. ಕಟ್ಟಿದಾಕಿ ಆಕಿನ."

ಅಷ್ಟೇ. ಅಲ್ಲಿಗೆ ಬಾಯಿ ಮುಚ್ಚಿದ.

ನನ್ನ ಗಂಡ ಸತ್ತ ಸುದ್ದಿ ಬಂದಾಗಲೂ ನನಗೆ ಹಾಗೆ ಆಗಿರಲಿಲ್ಲ. ಕಿವಿಯಲ್ಲಿ ಗುಂಯ್ ಅಂತ ಶಬ್ದ. ಹೊಳೆ ಕಾಣುತ್ತಿತ್ತು, ಎತ್ತು ಕಾಣುತ್ತಿದ್ದವು, ಯಾವುದೂ ಕೇಳುತ್ತಿರಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ. ಕಟ್ಟಿದವಳು ನಾನೇ. ಆ ನಿಜ ನನ್ನನ್ನು ನೇರ ದೇಗಾಂವಕ್ಕೆ ಒಯ್ದು ಬಿಡುತ್ತಿತ್ತು.

"ಮುಂಡಿ ಕೈ ಹಚ್ಚಿದ ಗಾಲಿ ಮ್ಯಾಲ ನಮ್ಮನ್ನ ಕೂಡಿಸಿ ಕಳಿಸಿದಿ," ಅಂದರು ವಕೀಲರು. "ನಾಲ್ಕ ಊರಿನ ಮಾನ ಹೊಳಿಗೆ ಹಾಕಿದಿ."

ಗಾಡಿಯವರಲ್ಲೊಬ್ಬ ಅಂದ, "ಮಾಸ್ತರರ ಹೆಣ ಬೀಳತಿತ್ತ ನೋಡ್ರಿ."

ನಾನು ಏನು ಹೇಳಬಹುದಿತ್ತು? ಮಾವ ಮಾಡಿದ ಅಂದರೆ, ತಪ್ಪು ಮಾಡಿ ಹಿರಿಯನ ಮೇಲೆ ಹಾಕುತ್ತಾಳೆ ಅನ್ನುತ್ತಿದ್ದರು. ಸುಮ್ಮನಿದ್ದರೆ ಮುಗಿಯಿತು. ಗಂಟು ಬಿಚ್ಚಿ ಪಾನಾ ತೆಗೆದೆ. ಮಾಸ್ತರರ ಸೈಕಲ್ಲನ್ನು ಮಗ್ಗುಲಿಗೆ ಮಲಗಿಸಿ, ಮುಂದಿನ ಗಾಲಿ ಕಳಚಿ, ಜನರ ನಟ್ಟನಡುವೆ ಪರಾತ ಇಟ್ಟು ಕುಳಿತೆ. ಗೋಡೆಯ ಆಚೆ ಅಲ್ಲದೆ ಬಯಲಿನಲ್ಲಿ ಕುಳಿತು ನಾನು ಬಿಚ್ಚಿದ ಮೊದಲ ಗಾಲಿ ಅದು.

"ಏ, ಹತ್ಯಾರ ಇಡು ಕೆಳಗ!" ವಕೀಲರು ಕೂಗಿದರು.

ತಪಾಸಣೆಯವನು ಮರಾಠಿಯಲ್ಲಿ, ತಡೆಯಿರಿ, ಮಾಡಲಿ, ಅಂದ. ಅದು ಎಲ್ಲರಿಗೂ ತಿಳಿಯಿತು.

ಪಾನಾ ಹಾಕಿದರೆ ಕದಲಲಿಲ್ಲ. ಕಾಲು ಕೊಟ್ಟು ಎರಡೂ ಕೈಯಿಂದ ಎಳೆದೆ. ಅಷ್ಟು ಬಿಗಿ ಹೆಂಗಸಿನ ಕೈಯಿಂದ ಆಗುವುದಲ್ಲ. ಕೊನೆಗೆ ಕಿರ್ರೆಂದು ಬಂತು. ಅಚ್ಚು ಎಳೆದೆ. ಕಪ್ಪು ರಾಡಿ ಗುಡ್ಡೆ ಗುಡ್ಡೆಯಾಗಿ ಪರಾತಕ್ಕೆ ಬಿತ್ತು. ಅದರಲ್ಲಿ ಗುಂಡಿನ ಚೂರು. ಹತ್ತರಲ್ಲಿ ಮೂರು ಪುಡಿಯಾಗಿದ್ದವು.

ಬಿಸಿಲಿಗೆ ವಾಸನೆ ಎದ್ದಿತು. ಸುತ್ತ ನಿಂತವರು ಹುಟ್ಟಿದಾಗಿನಿಂದ ಗಾಡಿಯ ಕೆಳಗೆ ಮಲಗಿದ ಜನ. ಒಬ್ಬ ಮೂಗು ಏರಿಸಿದ. ಇನ್ನೊಬ್ಬ ಬಗ್ಗಿ ಬೆರಳಿಗೆ ಹಚ್ಚಿಕೊಂಡು ಮೂಸಿದ.

"ಏ ಇದರೌವ್ನ, ಕೀಲೆಣ್ಣಿ ಅಲ್ಲೇನೋ ಇದು!"

"ಸೈಕಲ್ಲಿಗೆ ಕೀಲೆಣ್ಣಿ? ಕೊಳ್ಳಾಗ ಗೆಜ್ಜಿನೂ ಕಟ್ಟಬೇಕಿತ್ತಲ್ಲ."

"ಹಿಂಡಿ ತಿನಿಸ್ಯಾರೇನ ಕೇಳು."

ನಕ್ಕರು. ಆ ನಗೆಯಲ್ಲಿ ನಗದೆ ನಿಂತವನು ಒಬ್ಬ ಮುದುಕ ಗಾಡಿಯವನು. ಅವನು ಕೋಲು ಊರಿಕೊಂಡು ಮುಂದೆ ಬಂದು ಪರಾತ ನೋಡಿದ, ಸೈಕಲ್ಲಿಗೆ ಹಚ್ಚಿದ ಕುಂಕುಮ ನೋಡಿದ, ಆಮೇಲೆ ನನ್ನ ಬೋಳು ಹಣೆ ನೋಡಿದ.

"ವಕೀಲ್ರ, ಒಂದ ಮಾತ. ದೂರದ ದಾರಿಗೆ ಕೀಲೆಣ್ಣಿ ಹಾಕೂದು ಮನಿ ಹಿರ್ಯಾನ ಕೈ. ಗಂಡ ಸತ್ತಾಕಿ ಆ ಗೊಟ್ಟ ಮುಟ್ಟೂದಿಲ್ಲ. ಅದರ ನೆರಳಿಗೂ ಬಿಡೂದಿಲ್ಲ ನಾವು. ಕುಂಕುಮ ಬ್ಯಾರೆ ಹಚ್ಚೈತಿ. ಈ ಎಣ್ಣಿ ಈಕಿ ಹಾಕಿದ್ದಲ್ಲ."

ಎಲ್ಲರೂ ತಿರುಗಿ ಮಾವನನ್ನು ನೋಡಿದರು. ಯಾವ ರೂಢಿ ನನ್ನನ್ನು ಗೋಡೆಯ ಹಿಂದೆ ಕೂರಿಸಿತ್ತೋ ಅದೇ ರೂಢಿ ನನ್ನ ಪರವಾಗಿ ಸಾಕ್ಷಿ ಹೇಳಿತ್ತು. ನನಗೆ ಖುಷಿ ಆಗಲಿಲ್ಲ. ದಂಗಾಗಿ ಕುಳಿತಿದ್ದೆ. ಮಾವ ಎರಡು ಕೈಯನ್ನೂ ಧೋತರದಲ್ಲಿ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

"ನಾನ ಹಾಕಿದ್ದ ರೀ," ಅಂದ ಕೊನೆಗೆ. "ಚಲೋ ಆಗಲಿ ಅಂತ ಹಾಕೇನಿ."

ತಪಾಸಣೆಯವನು ಗಡಿಯಾರ ನೋಡಿ ನನ್ನ ಕಡೆ ತಿರುಗಿದ. ಎರಡು ಸೈಕಲ್ಲು ಸಾಕು, ಎಷ್ಟು ಹೊತ್ತು ಬೇಕು ಅಂದ. ಸುಮ್ಮನೆ ಬಿಟ್ಟರೆ ಒಂದೂವರೆ ತಾಸು, ಬೈಯುತ್ತ ನಿಂತರೆ ಸಂಜೆ ಆಗುತ್ತದೆ ಅಂದೆ. ವಕೀಲರು ದೂರ ಹೋಗಿ ಕುಳಿತರು.

ನಾಲ್ಕು ಹಬ್ಬು ಬಿಚ್ಚಿದೆ. ವಕೀಲರ ಹಿಂದಿನ ಗಾಲಿಯಲ್ಲಿ ಎರಡು ಗುಂಡು ಒಡೆದಿದ್ದವು. ಹಿಂದಿನ ಗಾಲಿಯ ಗುಂಡು ದೊಡ್ಡವು, ಮುಂದಿನದು ಅಲ್ಲಿಗೆ ಕೂರುವುದಿಲ್ಲ. ಅದಕ್ಕೆ ಮಾಸ್ತರರ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ ಎರಡು ತೆಗೆದುಕೊಂಡೆ. ಚಿಮಣಿ ಎಣ್ಣೆ ಸಾಲಲಿಲ್ಲ. ಗಾಡಿಯವರು ತಮ್ಮ ಕಂದೀಲಿನದು ಬಸಿದು ಕೊಟ್ಟರು. ಮೂರು ಸಲ ತೊಳೆದರೂ ಬೂದಿ ಹೋಗಲಿಲ್ಲ, ನಾಲ್ಕನೆಯ ಸಲಕ್ಕೆ ಅರಿವೆ ಬಿಳಿಯಾಗಿ ಉಳಿಯಿತು. ಮಾವ ದೂರ ನಿಂತಿದ್ದವನು ಬಂದು ಗಾಲಿ ಹಿಡಿದು ಕುಳಿತ. ನಾನು ಹಿಡಿ ಅಂದಿರಲಿಲ್ಲ, ಬಿಡು ಅನ್ನಲೂ ಇಲ್ಲ.

ಮಾಸ್ತರರ ಕೈಯನ್ನು ಅವರ ಧೋತರದಿಂದಲೇ ಕೊರಳಿಗೆ ಕಟ್ಟಿದ್ದರು. ನೋವಿನಲ್ಲಿ ಬೆವರುತ್ತ ಅಂದರು, "ತಂಗಿ, ಅದು ಮುಗದ ಮ್ಯಾಲ ನನ್ನ ಹೆಗಲಾನೂ ಬಿಚ್ಚಿ ನಾಲ್ಕ ಹನಿ ಹಾಕು."

"ನಿಮ್ಮ ಹೆಗಲದಾಗ ಗುಂಡ ಇಲ್ರಿ ಮಾಸ್ತರ," ಅಂದೆ. ಅವರು ನಕ್ಕು, ನೋವಾಗಿ, ಬೈದರು. ಆ ಕೈ ಗುಣವಾಗುವ ತನಕ ಅವರು ಹಲಗೆ ಮೇಲೆ ಬರೆಯುವ ಹಾಗಿರಲಿಲ್ಲ. ಆ ದಿನಗಳಲ್ಲಿ ಕುಲುಮೆಗೆ ಬಂದು ಕುಳಿತು, ಬಾಯಲ್ಲಿ ಹೇಳಿ, ನೆಲದ ಬೂದಿಯಲ್ಲಿ ನನ್ನ ಕೈಯಿಂದ ಅಕ್ಷರ ಬರೆಸಿದರು.

ವಕೀಲರೂ ತಪಾಸಣೆಯವನೂ ಹೊಳೆ ದಾಟಿ ಹೋದರು. ಗಾಲಿ ಕಿರಿಕಿರಿ ಅನ್ನುತ್ತಿದ್ದವು. ಮಾಸ್ತರರನ್ನು ಒಂದು ಹತ್ತಿಯ ಗಾಡಿಯಲ್ಲಿ ಸವದತ್ತಿಯ ದವಾಖಾನೆಗೆ ಕಳಿಸಿದೆವು. ಲಕೋಟೆ ಸವದತ್ತಿಯವರ ಕೈ ಸೇರಿ ರಾಮದುರ್ಗ ಮುಟ್ಟಿದಾಗ ಅರಮನೆಯ ಮುಂದೆ ದೀಪ ಹಚ್ಚಿದ್ದರಂತೆ. ಹೊತ್ತು ಮುಳುಗಿ ಸ್ವಲ್ಪೇ ಹೊತ್ತಾಗಿತ್ತಂತೆ. ಸ್ವಲ್ಪವಾದರೂ ಮುಳುಗಿದ್ದು ಮುಳುಗಿದ್ದೇ. ಮುಂಬಯಿಯವರು ನಾಲ್ಕೂ ಗುಂಪಿನ ಹೆಸರು ಅಳಿಸಿದರು. ಅದೇ ಕಾಗದದಲ್ಲಿ ಇನ್ನೊಂದು ಸಾಲು ಇತ್ತೆಂದು ಮಾಸ್ತರರು ಓದಿ ಹೇಳಿದರು. ಇನ್ನು ಮುಂದೆ ದೇಶದ ಎಲ್ಲ ಗುಂಪಿನ ಜೊತೆಗೂ ಒಬ್ಬ ರಿಪೇರಿಯವನು ದಾರಿಯಲ್ಲಿ ಇರಲೇಬೇಕು ಎಂದು. ನಮ್ಮಿಂದ ಅವರು ಕಲಿತರು, ನಮ್ಮನ್ನು ಬಿಟ್ಟರು. ನನಗೆ ಅದೂ ಒಂದು ಪೆಟ್ಟೇ ಅನ್ನಿಸಿತು.

ಗುಂಪುಗಳು ಸಾಯಲಿಲ್ಲ. ಹೆಸರು ಹೋದ ಮೇಲೆ ನಾಲ್ಕು ಊರಿನವರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಬರತೊಡಗಿದರು. ಮೊದಲು ವಕೀಲರು, ಕಾರಕೂನರು. ಆಮೇಲೆ ದರ್ಜಿ, ಆಮೇಲೆ ಹತ್ತಿ ಅಂಗಡಿಯ ಗುಮಾಸ್ತ. ಕೊನೆಗೆ ಆ ಗಾಡಿಯವರ ಮಕ್ಕಳೇ ಬಾಡಿಗೆ ಸೈಕಲ್ಲು ತುಳಿದರು. ಈಗ ಮುಂಬಯಿಯ ಕ್ಲಬ್ಬು ಇದೆಯೋ ಇಲ್ಲವೋ ನನಗೆ ತಿಳಿಯದು. ನನ್ನ ಬಾಗಿಲ ಮುಂದೆ ದಿನಾ ಮುಂಜಾನೆ ಹೆಣ್ಣುಮಕ್ಕಳು ಸಾಲಿಗೆ ಸೈಕಲ್ಲಿನ ಮೇಲೆ ಹೋಗುತ್ತಾರೆ. ಕೆಲವರ ಗಾಲಿ ಅಲುಗುತ್ತದೆ. ಕೂಗಿ ಹೇಳುತ್ತೇನೆ, ನಿಲ್ಲುವುದಿಲ್ಲ.

ಹೊಳೆಯ ದಂಡೆಯಿಂದ ಆ ಸಂಜೆ, ಹತ್ತಿ ಇಳಿಸಿ ಮರಳುತ್ತಿದ್ದ ಖಾಲಿ ಗಾಡಿಯಲ್ಲಿ ನಾನು ಕುಳಿತು ಬಂದೆ. ಮಾವ ಹತ್ತಲಿಲ್ಲ, ಗಾಡಿಯ ಹಿಂದೆ ನಡೆದ. ಊರು ಹತ್ತಿರ ಬಂದಾಗ ಅಂದ, "ಹೇಳಬೇಕಂತ ಮಾಡಿದ್ನಿ ಯವ್ವಾ. ಬಾಯಿ ಬರಲಿಲ್ಲ."

"ನನಗ ಕೈ ಬರಲಿಲ್ಲಂದ್ರ ಏನ್ ಮಾಡ್ತಿದ್ರಿ ಮಾವ?"

ಅವನು ಗಾಡಿಯ ಹಿಂದಿನ ಮರ ಹಿಡಿದು ನಡೆಯುತ್ತ ಬಂದ.

ಮರುದಿನ ಮುಂಜಾನೆ ಎದ್ದು ಕಸ ಗುಡಿಸಿ, ಪರಾತ ತೆಗೆದುಕೊಂಡು ಕುಲುಮೆಯ ಮುಂದೆ, ದಾರಿಗೆ ಮುಖ ಮಾಡಿ ಕುಳಿತೆ. ಕೀಲೆಣ್ಣೆ ತುಂಬಿದ ಮೂರು ಸೈಕಲ್ಲು ಇನ್ನೂ ಉಳಿದಿದ್ದವು. ಮೊದಲನೆಯ ಗಾಲಿ ಬಿಚ್ಚಿದೆ. ಮಾವ ಚಿಮಣಿ ಎಣ್ಣೆ ತಂದು ನನ್ನ ಬಲಗಡೆ ಇಟ್ಟು ತಿದಿ ಒತ್ತಲು ಹೋದ. ಪೇಟೆಗೆ ಹೋಗುವವರು ನಿಂತು ನೋಡಿ ಮುಂದೆ ಹೋದರು. ಅಷ್ಟರಲ್ಲಿ ದೈವದ ಹಿರಿಯ ಬಂದ. ನನ್ನನ್ನು ದೇಗಾಂವಕ್ಕೆ ಕಳಿಸುವುದಕ್ಕೆ ಗಾಡಿಯವನಿಗೂ ಹೇಳಿ ಬಂದಿದ್ದ. ಎದುರಿಗೆ ಬಂದು 'ಇದೇನಿದು' ಅಂತ ನಿಂತ. ಅವನ ನೆರಳು ಪರಾತದಲ್ಲಿ ಬಿತ್ತು.

ಹತ್ತು ಗುಂಡಿನಲ್ಲಿ ಒಂಬತ್ತು ಸಿಕ್ಕಿದ್ದವು.

"ಅತ್ತಾಗ ಸರೀರಿ," ಅಂದೆ. "ಬೆಳಕಿಗೆ ಅಡ್ಡ ನಿಂತೀರಿ, ಗುಂಡ ಕಾಣವಲ್ದು."